ಅದಕ್ಕೂ ಹಿಂದಿನ ಹೊತ್ತು

ರೆನ್ಸ್ಕೆ ಸಿಕೆಮಾ ಈ ಮಾರ್ಚಿನ ಮೊದಲ ಶನಿವಾರ ತೀರಿಕೊಂಡಳು, ನಮ್ಮೂರಿನ ಗಾಳಿಗಿರಣಿಯ ಹತ್ತಿರ, ಹೆಪ್ಪುಗಟ್ಟಿದ ಕಾಲುವೆಯ ಮೇಲೆ. ಮೂವತ್ತೇಳು ವರ್ಷ. ಹೃದಯ ನಿಂತು ಸಾವು ಎಂದು ಕಾಗದದಲ್ಲಿದೆ. ಈ ಊರಿನ ಡಾಕ್ಟರು ನಾನೇ ಆದ್ದರಿಂದ ಅದಕ್ಕೆ ಸಹಿ ಹಾಕಬೇಕಾದವಳೂ ನಾನೇ. ಪಕ್ಕದೂರಿನ ಡಾಕ್ಟರು ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಹಾಕಿದರು.

ಮಣ್ಣು ಮಾಡಿ ಬಂದಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಕಾಫಿ, ಬೆಣ್ಣೆ ಸವರಿದ ಸಕ್ಕರೆ ಬ್ರೆಡ್ಡು. ಅಲ್ಲಿ ಒಬ್ಬರಲ್ಲ ಒಬ್ಬರ ಬಾಯಲ್ಲಿ ಅದೇ ಮಾತು. ಹುಡುಗಿ ಮೊದಲು ಅಂದುಕೊಂಡ ಹಾಗೆ ವೈದ್ಯ ಓದಿದ್ದರೆ ಬದುಕಿರುತ್ತಿದ್ದಳು. ಯಂತ್ರದ ಬೆನ್ನು ಹತ್ತಿ ಹೋದಳು, ಹೀಗಾಯಿತು. ನಾನು ಎದುರಾಡಲಿಲ್ಲ. ನಮ್ಮಲ್ಲಿ ಸಾವಿನ ಕಾಫಿಯ ಮುಂದೆ ಯಾರೂ ಎದುರಾಡುವುದಿಲ್ಲ. ಮನೆಗೆ ಬಂದು ಕೋಟು ಬಿಚ್ಚದೆ ಕೂತವಳಿಗೆ, ಅವಳು ಯಾಕೆ ಹಾಗೆ ಆರಿಸಿಕೊಂಡಳು ಎನ್ನುವುದು ಈಗ ನನ್ನೊಬ್ಬಳಿಗೇ ಸರಿಯಾಗಿ ಗೊತ್ತು ಅನ್ನಿಸಿತು. ನನಗಿಂತ ಮೊದಲು ಈ ಊರಿನ ಡಾಕ್ಟರಾಗಿದ್ದ ಹೆಟ್ಟಿಂಗಾ ತೀರಿಹೋಗಿ ಬಹಳ ದಿನವಾಯಿತು. ಅವಳ ತಾಯಿ ಸೀಟ್ಸ್ಕೆ ಮಾತಾಡುವ ಪೈಕಿಯಲ್ಲ.

ಸಿಕೆಮಾ ಮನೆತನದ ಗಂಡಸರು ಐವತ್ತು ಕಾಣುವುದಿಲ್ಲ ಎನ್ನುವುದು ನಾವು ಚಿಕ್ಕವರಿದ್ದಾಗಲೇ ಊರಿಗೆಲ್ಲ ಗೊತ್ತಿದ್ದ ವಿಷಯ. ಅಜ್ಜ ನೇಗಿಲಿನ ಹಿಂದೆ ನಡೆಯುತ್ತಿದ್ದವನು ಮಣ್ಣಿಗೆ ಮುಖವಿಟ್ಟು ಬಿದ್ದ. ಅಜ್ಜನ ತಮ್ಮ ದೋಣಿಯಲ್ಲಿ ಕೂತಲ್ಲೇ ಹೋದ. ಒಬ್ಬ ಅತ್ತೆ ಮಧ್ಯಾಹ್ನ ಮಲಗಿದವಳು ಏಳಲಿಲ್ಲ, ಆದರೆ ಅವಳನ್ನು ಯಾರೂ ಈ ಲೆಕ್ಕಕ್ಕೆ ಸೇರಿಸಲಿಲ್ಲ. ಆರು ಹೆತ್ತವಳು, ದಣಿದಿದ್ದಳು ಅಂದರು. ರೆನ್ಸ್ಕೆಯ ಅಪ್ಪ ಗೆರ್ಬೆನ್ ಇದನ್ನೇ ತಮಾಷೆ ಮಾಡಿಕೊಂಡಿದ್ದ. ಪ್ರತಿ ಹುಟ್ಟುಹಬ್ಬದಲ್ಲೂ ಗೋಡೆಗುಂಟ ಹಾಕಿದ ಕುರ್ಚಿಗಳ ವರ್ತುಲದಲ್ಲಿ ಕೂತು, ಸಿಕೆಮಾಗಳಿಗೆ ಪಿಂಚಣಿ ಕೊಡೋದು ಸರ್ಕಾರಕ್ಕೆ ಬಹಳ ಸುಲಭ ಕಣ್ರೋ ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಕ್ಕು ಕಾಫಿ ಲೋಟದೊಳಗೆ ನೋಡುತ್ತಿದ್ದರು.

ಅವನು ನಮ್ಮೂರಿನ ಸೇತುವೆ ಕಾಯುವವನು. ಬೇಸಿಗೆಯಲ್ಲಿ ದೋಣಿ ಬಂದರೆ ಸೇತುವೆ ಎತ್ತಿ, ಗಾಳದ ಕೋಲಿಗೆ ಕಟ್ಟಿದ ಮರದ ಪಾದರಕ್ಷೆಯನ್ನು ದೋಣಿಯವರ ಮುಂದೆ ತೂಗಿ ಸುಂಕ ಇಸಿದುಕೊಳ್ಳುತ್ತಿದ್ದ. ಚಳಿಗಾಲದಲ್ಲಿ ನೀರು ಗಟ್ಟಿಯಾದರೆ ಅವನಿಗೆ ಕೆಲಸವಿಲ್ಲ, ಆಗ ಅವನು ಊರಿನ ಅತಿ ಸಂತೋಷದ ಮನುಷ್ಯ.

ನಮಗೆ ಹದಿನಾರಾದ ಜನವರಿಯಲ್ಲಿ ಕಾಲುವೆ ಕಪ್ಪಗೆ, ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಗೆರ್ಬೆನ್ ಉದ್ದದ ಕೋಲೊಂದನ್ನು ಕಂಕುಳಲ್ಲಿ ಹಿಡಿದು ಮುಂದೆ ಸ್ಕೇಟ್ ಮಾಡುತ್ತಿದ್ದ, ಕೋಲಿನ ನಡುವೆ ರೆನ್ಸ್ಕೆ, ತುದಿಯಲ್ಲಿ ಅವಳ ತಮ್ಮ, ಎಂಟು ವರ್ಷದ ವೊಬ್ಬೆ. ಗಾಳಿ ಅಪ್ಪನಿಗೆ ಬಡಿಯಬೇಕು, ಮಕ್ಕಳು ಅವನ ಮರೆಯಲ್ಲಿ ಬರಬೇಕು, ಅದು ನಮ್ಮ ಕಡೆಯ ಪದ್ಧತಿ. ನಾನು ಸ್ವಲ್ಪ ಹಿಂದಿದ್ದೆ. ಮಂಜುಗಡ್ಡೆ ಕೆಳಗಿನಿಂದ ಗುಂಯ್ ಎನ್ನುತ್ತಿತ್ತು. ದಪ್ಪಗಿರುವಾಗ ಅದು ಹಾಗೇ ಹಾಡುತ್ತದೆ, ಹೆದರಬೇಕಾದದ್ದಲ್ಲ. ಗೆರ್ಬೆನ್ ಶಬ್ದವಿಲ್ಲದೆ ಮಂಡಿಯೂರಿದ, ಆಮೇಲೆ ಮಲಗಿದ. ಕೋಲು ಮಾತ್ರ ಅದೇ ವೇಗದಲ್ಲಿ ಮುಂದೆ ಜಾರಿತು, ಅದರ ಜೊತೆ ಮಕ್ಕಳಿಬ್ಬರೂ. ಅಪ್ಪ ಆಟ ಆಡುತ್ತಿದ್ದಾನೆಂದು ವೊಬ್ಬೆ ನಗುತ್ತಿದ್ದ.

ಹೆಟ್ಟಿಂಗಾ ಚೀಲ ಬೆನ್ನಿಗೆ ಹಾಕಿಕೊಂಡು ಸ್ಕೇಟ್ ಮೇಲೇ ಬಂದರು. ಆಗಲೇ ವಯಸ್ಸಾಗಿತ್ತು ಅವರಿಗೆ. ಎದೆ ಒತ್ತಿದರು, ಊದಿದರು, ಮತ್ತೆ ಒತ್ತಿದರು. ಕೊನೆಗೆ ನಿಲ್ಲಿಸಿ, ಗೆರ್ಬೆನ್‌ನ ದವಡೆಯ ಕೆಳಗೆ ಎರಡು ಬೆರಳಿಟ್ಟು ತಲೆ ತಗ್ಗಿಸಿ ಕೂತರು. ಬಹಳ ಹೊತ್ತು ಕೂತರು. ರೆನ್ಸ್ಕೆ ಕೋಲು ಕೈಯಲ್ಲಿ ಹಿಡಿದುಕೊಂಡೇ ಆ ಬೆರಳುಗಳನ್ನು ನೋಡುತ್ತ ನಿಂತಿದ್ದಳು.

ಆ ರಾತ್ರಿಯಿಂದ ಅವಳಿಗೆ ಇದ್ದದ್ದು ಒಂದೇ ಯೋಚನೆ. ಮನೆತನದಲ್ಲಿ ಉಳಿದಿದ್ದ ಗಂಡಸು ವೊಬ್ಬೆ ಒಬ್ಬನೇ. ಅವನು ಹೀಗೆ ಹೋಗಬಾರದು.

ವೈದ್ಯ ಓದುವುದು ಎಂದು ಆಗಲೇ ನಿಶ್ಚಯಿಸಿದಳು. ಅವಳು ಓದುತ್ತಾಳೆಂದು ನಾನೂ ನಿಶ್ಚಯಿಸಿದೆ. ಆ ವಯಸ್ಸಿನಲ್ಲಿ ನನಗೆ ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಕೊನೆಯ ಪರೀಕ್ಷೆ ಪಾಸಾದ ದಿನ ಎಲ್ಲರ ಮನೆಯಂತೆ ನಮ್ಮಿಬ್ಬರ ಮನೆಯ ಮುಂದೆಯೂ ಬಾವುಟ ಹಾರಿತು, ಬಾವುಟದ ಕಂಬದ ತುದಿಗೆ ಶಾಲೆಯ ಚೀಲ. ನಮ್ಮಮ್ಮ ಎರಡು ದಿನಕ್ಕೆ ಇಳಿಸಿದಳು. ರೆನ್ಸ್ಕೆ ಇಳಿಸಲು ಬಿಡಲಿಲ್ಲ. ಚೀಟಿ ಬರುವ ತನಕ ಇರಲಿ ಅಂದಳು.

ಆಗ ವೈದ್ಯ ಓದಿಗೆ ಸೀಟು ಕಡಿಮೆ, ಕೇಳುವವರು ಹೆಚ್ಚು. ದೇಶಕ್ಕೆಲ್ಲ ಒಟ್ಟಿಗೆ ಚೀಟಿ ಎತ್ತುತ್ತಿದ್ದರು. ಅಂಕ ಚೆನ್ನಾಗಿದ್ದರೆ ಅದೃಷ್ಟ ಸ್ವಲ್ಪ ಜಾಸ್ತಿ, ಅಷ್ಟೇ. ಹಸು ಹರಾಜಿನಲ್ಲಿ ಕೂಡ ಇದಕ್ಕಿಂತ ಹೆಚ್ಚು ನೋಡಿ ಆರಿಸ್ತಾರೆ ಎಂದು ನಮ್ಮಪ್ಪ ಗೊಣಗುತ್ತಿದ್ದ. ಆದರೂ ಅದು ನ್ಯಾಯ ಎಂದು ನಾವೆಲ್ಲ ನಂಬಿದ್ದೆವು. ಯಾರ ಮಗಳು, ಯಾರ ಶಿಫಾರಸು ಎಂದು ಕೇಳುವುದಕ್ಕಿಂತ ಚೀಟಿ ಮೇಲು. ಯಾರೂ ವಿಶೇಷವಲ್ಲ, ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು, ಇದು ನಮ್ಮ ಜನರ ಮೂಳೆಯಲ್ಲಿರುವ ಮಾತು. ರೆನ್ಸ್ಕೆಯ ಮೂಳೆಯಲ್ಲಿ ಅದು ಉಳಿದವರಿಗಿಂತ ಗಟ್ಟಿಯಾಗಿತ್ತು. ಅವಳ ಅಂಕ ನನಗಿಂತ ಎಷ್ಟೋ ಮೇಲೆ. ನನ್ನ ಚೀಟಿ ಎದ್ದಿತು, ಅವಳದು ಏಳಲಿಲ್ಲ. ಬೇಸಿಗೆಯೆಲ್ಲ ಮಳೆಗೆ ನೆನೆದು ಬಿಸಿಲಿಗೆ ಒಣಗಿ ಕಂಬದ ಮೇಲೆ ತಿರುಗುತ್ತಿದ್ದ ಆ ಚೀಲವನ್ನು ಅವಳು ಆ ಸಂಜೆ ತಾನೇ ಇಳಿಸಿ, ಅದರೊಳಗೆ ಸತ್ತಿದ್ದ ಕಣಜದ ಹುಳುಗಳನ್ನು ಕಾಲುವೆಗೆ ಕೊಡವಿದಳು. ನನ್ನನ್ನು ಅಭಿನಂದಿಸಿದಳು. ಮನಸಾರೆ, ಎರಡೂ ಕೈ ಹಿಡಿದು.

ಮುಂದಿನ ವರ್ಷ ಮತ್ತೆ ಚೀಟಿಗೆ ಹೆಸರು ಕೊಡಬಹುದಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂರಬಾರದೆಂದು ದೇಶದ ಪೂರ್ವದ ಗಡಿಯಲ್ಲಿದ್ದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದಳು. ಒಂದು ವರ್ಷ ಹೇಗೋ ಕಳೆಯಲು ಹೋದವಳು. ಶನಿವಾರ ರೈಲಿನಲ್ಲಿ ಊರಿಗೆ ಬರುವಾಗ ನಾನು ಹೆಣ ಕೊಯ್ದ ಕಥೆ ಹೇಳಿದರೆ ಅವಳು ತಂತಿ, ಸಂಕೇತ, ಅಲೆ ಎನ್ನುತ್ತಿದ್ದಳು. ಒಂದು ಸಲ ಏನನ್ನೋ ನೋಡಿ ಬಂದವಳು ಪೂರ್ತಿ ಪ್ರಯಾಣ ಬೇರೆ ಮಾತೇ ಆಡಲಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವಂತೆ, ಎದೆಯ ಚರ್ಮದ ಕೆಳಗೆ ಇಡುತ್ತಾರಂತೆ. ಹೃದಯ ದಾರಿ ತಪ್ಪಿದರೆ ಅದೇ ಒಳಗಿನಿಂದ ಒದ್ದು ಸರಿಮಾಡುತ್ತದಂತೆ.

ಎರಡನೆಯ ಬೇಸಿಗೆಯಲ್ಲಿ ಅವಳ ಚೀಟಿ ಎದ್ದಿತು.

ಊರಿಗೆ ಸುದ್ದಿ ಹಬ್ಬಿತು. ಸೀಟ್ಸ್ಕೆ ಅಟ್ಟದಿಂದ ಅದೇ ಹಳೆಯ ಚೀಲ ಹುಡುಕಿ, ಯಾರನ್ನೂ ಕೇಳದೆ ಮತ್ತೆ ಕಂಬಕ್ಕೆ ಏರಿಸಿಬಿಟ್ಟಳು. ಸುತ್ತಲಿನ ಮನೆಗಳಲ್ಲಿ ಬಾವುಟಗಳೆಲ್ಲ ಇಳಿದು ವಾರಗಳಾಗಿದ್ದವು. ಒಂಟಿ ಕಂಬದ ಮೇಲೆ ಒಂಟಿ ಚೀಲ. ರೆನ್ಸ್ಕೆ ಬಸ್ಸಿಳಿದು ಅದನ್ನು ನೋಡಿದಾಗ ನಾನು ಜೊತೆಗಿದ್ದೆ. ಯಾರನ್ನೋ ನೇಣು ಹಾಕಿದ ಹಾಗಿದೆ, ಇಳಿಸು ಅಂದಳು.

ಒಪ್ಪಿಗೆ ಕಳಿಸಬೇಕಾದ ಗಡುವಿನ ಹಿಂದಿನ ಸಂಜೆ ಹೆಟ್ಟಿಂಗಾ ರೆನ್ಸ್ಕೆಯ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತರು. ನಾನೂ ಇದ್ದೆ. ಮೇಜಿನ ಮೇಲೆ ಕಾಫಿ ಬಟ್ಟಲುಗಳ ನಡುವೆ ಆ ಚೀಲ. ವೊಬ್ಬೆ ಹೊರಗೆ ಮರದ ಪಾದರಕ್ಷೆಯನ್ನು ಗಾಳಕ್ಕೆ ಕಟ್ಟಿ ಬಾತುಕೋಳಿಗಳಿಂದ ಸುಂಕ ಕೇಳುತ್ತಿದ್ದ. ಡಾಕ್ಟರು ತಮ್ಮ ಆಸೆ ಮುಚ್ಚಿಡಲಿಲ್ಲ. ತಾವು ಬಿಡುವ ಹೊತ್ತಿಗೆ ಅವಳು ಬರಬೇಕು, ಈ ಊರನ್ನು ನೋಡಿಕೊಳ್ಳಬೇಕು; ಜನರನ್ನು ಮುಟ್ಟಿ ನೋಡುವುದನ್ನು ಯಾವ ಯಂತ್ರಕ್ಕೂ ಕಲಿಸಲಾಗುವುದಿಲ್ಲ ಎಂದರು. ನಿಧಾನವಾಗಿ, ಒತ್ತಾಯವಿಲ್ಲದೆ ಹೇಳಿದರು.

ರೆನ್ಸ್ಕೆ ಅವರ ಬೆರಳುಗಳನ್ನು ನೋಡಿದಳು. "ಒಂದು ಕೇಳ್ಲಾ, ಡಾಕ್ಟ್ರೇ? ಅವತ್ತು ಅಪ್ಪನ ಕತ್ತಿನ ಮೇಲೆ ಬೆರಳು ಅಷ್ಟು ಹೊತ್ತು ಯಾಕಿಟ್ಟಿದ್ರಿ? ಇಟ್ಟ ತಕ್ಷಣ ಗೊತ್ತಾಗಿತ್ತಲ್ವಾ ನಿಮಗೆ?"

ಹೆಟ್ಟಿಂಗಾ ಬಟ್ಟಲನ್ನು ತಟ್ಟೆಯ ಮೇಲಿಟ್ಟರು. "ಗೊತ್ತಾಗಿತ್ತು. ನೀನು ನೋಡ್ತಾ ಇದ್ದೆಯಲ್ಲ, ಮಗೂ. ತೆಗೆದಿದ್ರೆ ನಿನಗೂ ಗೊತ್ತಾಗಿಬಿಡ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅಂತ."

ಸೀಟ್ಸ್ಕೆ ಎದ್ದು ಕಿಟಕಿಯ ಹತ್ತಿರ ಹೋದಳು. ರೆನ್ಸ್ಕೆ ಚೀಲವನ್ನು ಮೇಜಿನಿಂದ ಎತ್ತಿ ಕೆಳಗಿಟ್ಟಳು. ಆಮೇಲೆ, "ಡಾಕ್ಟರಿಗೆ ಸಿಗೋದು ಆ ಹೊತ್ತು," ಅಂದಳು. "ನನಗೆ ಬೇಕಾಗಿರೋದು ಅದಕ್ಕೂ ಹಿಂದಿನ ಹೊತ್ತು. ನೀವು ಸ್ಕೇಟ್ ಕಟ್ಟಿಕೊಳ್ತಾ ಇದ್ರಲ್ಲ, ಆಗಿನ ಹೊತ್ತು. ಅಲ್ಲಿಗೆ ಯಾವ ಡಾಕ್ಟರೂ ಬರಕ್ಕಾಗಲ್ಲ. ಯಂತ್ರ ಆದ್ರೆ ಅಲ್ಲೇ ಇರತ್ತೆ."

ಹೆಟ್ಟಿಂಗಾ ತಲೆಯಾಡಿಸಿದರು. ಒಪ್ಪಿದರೋ ಸೋತರೋ ತಿಳಿಯಲಿಲ್ಲ. ಸೀಟ್ಸ್ಕೆ ಕಿಟಕಿಯಿಂದ ತಿರುಗದೆ, "ಮಾಡ್ಕೋ ಹೋಗು. ಆಮೇಲೆ ನನ್ನ ಹತ್ರ ಬಂದು ಅಳ್ಬೇಡ," ಅಂದಳು. ರೆನ್ಸ್ಕೆ ಎಂದೂ ಅಳಲಿಲ್ಲ.

ಹೀಗೆ ನಾನು ಈ ಊರಿನ ಡಾಕ್ಟರಾದೆ, ಅವಳು ಯಂತ್ರದವಳಾದಳು. ಹೃದಯದ ಯಂತ್ರಗಳ ಸಂಕೇತ ಓದುವ ಒಂದು ಸಣ್ಣ ತಂಡದಲ್ಲಿ ಅವಳಿಗೆ ಕೆಲಸ. ಶುಕ್ರವಾರ ಸಂಜೆ ನನ್ನ ದವಾಖಾನೆ ಮುಚ್ಚುವ ಹೊತ್ತಿಗೆ ಬಂದು, ಖಾಲಿಯಾದ ಕಾಯುವ ಕೋಣೆಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. "ಇವತ್ತು ಎಷ್ಟು ಜನರನ್ನ ಮುಟ್ಟಿದೆ?" ಪ್ರತಿ ಸಲ ಅದೇ ಪ್ರಶ್ನೆ. ನಾನು ಇಷ್ಟು ಗಂಟಲು, ಇಷ್ಟು ಹೊಟ್ಟೆ, ಒಂದು ಕುದುರೆ ಒದ್ದ ಮೊಣಕಾಲು ಎಂದು ಲೆಕ್ಕ ಒಪ್ಪಿಸಿದರೆ, ನಾನು ಯಾರನ್ನೂ ಮುಟ್ಟಲಿಲ್ಲ, ಊರಿನಷ್ಟು ಹೃದಯ ನೋಡಿದೆ ಅನ್ನುತ್ತಿದ್ದಳು. ಹೊಟ್ಟೆಕಿಚ್ಚು ಪಡ್ತೀಯಾ ಎಂದು ಒಂದು ಸಲ ಕೇಳಿದೆ. ಸೀನುವ ಮಕ್ಕಳ ಮೇಲೆ ಯಾರು ಪಡ್ತಾರೆ ಹೋಗೇ ಅಂದಳು. ಆದರೂ ಹೋಗುವಾಗ ಬಾಗಿಲಲ್ಲಿ ನಿಂತು, ನನ್ನ ಕೊರಳಿನ ಸ್ಟೆತಸ್ಕೋಪನ್ನು ಎತ್ತಿ ನೋಡಿ ಮತ್ತೆ ನೇರ ಮಾಡಿಡುವುದು ಅವಳ ಅಭ್ಯಾಸ.

ಅಷ್ಟರಲ್ಲಿ ಆ ಮನೆತನದ ರೋಗಕ್ಕೆ ಹೆಸರು ಸಿಕ್ಕಿತು. ನಮ್ಮ ಈ ಫ್ರೀಸ್‌ಲ್ಯಾಂಡ್ ಸೀಮೆಯ ಹಳೆಯ ಕುಟುಂಬಗಳಲ್ಲಿ ಶತಮಾನಗಳಿಂದ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿರುವ ಹೃದಯದ ದೋಷ ಅದು. ಗಂಡಸರಿಗೆ ಮಾತ್ರ ಬರುವುದಲ್ಲ, ಹೆಂಗಸರಿಗೂ ಬರುತ್ತದೆ. ತಂದೆಗಿದ್ದರೆ ಮಗುವಿಗೆ ಬರಬಹುದು, ಬಾರದಿರಬಹುದು, ಅರ್ಧಕ್ಕರ್ಧ. ರಕ್ತ ಕೊಟ್ಟರೆ ತಿಳಿಯುತ್ತದೆ. ರೆನ್ಸ್ಕೆ ಮೊದಲ ವಾರವೇ ಹೋಗಿ ಕೊಟ್ಟು ಬಂದಳು. ಅವಳಿಗೆ ಇತ್ತು.

ಚೀಟಿ ನಂಗೆ ಯಾವಾಗಲೂ ಬೇಡದ ಹೊತ್ತಿಗೇ ಏಳತ್ತೆ ಅಂದಳು ನನ್ನ ಹತ್ತಿರ, ಅಷ್ಟೇ. ಅವಳ ಚಿಂತೆ ತನ್ನದಾಗಿರಲಿಲ್ಲ.

ನಮ್ಮಲ್ಲಿ ಇಂಥ ರೋಗವಿದೆ ಎಂದು ಮನೆಯವರಿಗೆ ಹೇಳುವುದು ಆಸ್ಪತ್ರೆಯ ಕೆಲಸವಲ್ಲ, ರೋಗ ತಿಳಿದವರದೇ. ಕೇಳಿದವರು ಪರೀಕ್ಷೆಗೆ ಹೋಗಬಹುದು, ಬಿಡಬಹುದು. ತಿಳಿಯದೆ ಇರುವ ಹಕ್ಕನ್ನೂ ನಮ್ಮ ಜನ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಅವಳು ಅಮ್ಮನ ಹುಟ್ಟುಹಬ್ಬಕ್ಕೆ ಕಾದಳು, ಎಲ್ಲರೂ ಒಂದೇ ಕಡೆ ಸಿಗುವುದು ಆಗ ಮಾತ್ರ. ಗೋಡೆಗುಂಟ ಕುರ್ಚಿಗಳು. ಬಂದವರೆಲ್ಲ ಪ್ರತಿಯೊಬ್ಬರ ಕೈ ಕುಲುಕಿ ಅಭಿನಂದನೆ ಹೇಳಿ ಕೂತರು. ಡಬ್ಬಿಯಿಂದ ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಸಿಕ್ಕಿತು, ಡಬ್ಬಿಯ ಮುಚ್ಚಳ ಮುಚ್ಚಿತು. ಆಗ ಹೇಳಿದಳು. ಹವಾಮಾನ ಹೇಳುವಂತೆ ಸಮನಾದ ದನಿಯಲ್ಲಿ, ಎರಡು ಮೂರು ವಾಕ್ಯ. ಒಬ್ಬರೂ ಬಿಸ್ಕತ್ತು ಕಚ್ಚಲಿಲ್ಲ. ಒಬ್ಬ ಚಿಕ್ಕಪ್ಪ ಕೊನೆಗೆ, ಕಾಫಿ ಇನ್ನೊಂದು ಸುತ್ತು ಇದೆಯಾ ಎಂದು ಕೇಳಿದ.

ವೊಬ್ಬೆಗೆ ಆಗ ಇಪ್ಪತ್ತಮೂರು. ಜೊಂಡಿನ ಮಾಡು ಹೊದಿಸುವ ಕೆಲಸ. ಹಗಲೆಲ್ಲ ಬೇರೆಯವರ ಸೂರಿನ ಮೇಲಿರುತ್ತಿದ್ದ, ಚಳಿಗಾಲದಲ್ಲಿ ಗಡ್ಡೆಯ ಮೇಲೆ. ಅಪ್ಪನ ಭುಜ, ಅಪ್ಪನ ನಗು. ಅವನು ಅಕ್ಕನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ನಾನು ಕೋಟು ಹುಡುಕುತ್ತ ಬಾಗಿಲಲ್ಲಿದ್ದುದರಿಂದ ಕೇಳಿಸಿತು.

"ನಾನು ಪರೀಕ್ಷೆ ಮಾಡಿಸಲ್ಲ, ಅಕ್ಕ."

"ಯಾಕೆ?"

"ಇದೆ ಅಂದ್ರೆ ಏನ್ ಮಾಡ್ತಾರೆ? ಸ್ಕೇಟಿಂಗ್ ಬಿಡು, ಮಾಡಿನಿಂದ ಇಳಿ, ಎದೇಲಿ ಡಬ್ಬ ಇಟ್ಕೋ. ಅಪ್ಪ ಬದುಕಿದ್ದಷ್ಟು ದಿನ ಚೆನ್ನಾಗಿ ಬದುಕಿದ. ನನಗೆ ಗೊತ್ತಾಗೋದು ಬೇಡ. ನೀನು ಇನ್ನೊಂದು ಸಲ ಕೇಳ್ಬೇಡ."

ಅವಳು ಇನ್ನೊಂದು ಸಲ ಕೇಳಲಿಲ್ಲ. ಬೇರೆ ನಾಡಿನ ಅಕ್ಕನಾಗಿದ್ದರೆ ಅತ್ತು, ಬೈದು, ಅನ್ನ ಬಿಟ್ಟು ಎಳೆದುಕೊಂಡು ಹೋಗುತ್ತಿದ್ದಳೋ ಏನೋ. ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ಬೇಡ ಅಂದವನ ಬೇಡವನ್ನು ಗೌರವಿಸುವುದೇ ಪ್ರೀತಿ ಎಂದು ನಮ್ಮನ್ನು ಬೆಳೆಸಿದ್ದಾರೆ. ಅವಳು ಮಾಡಿದ್ದು ಎರಡು ಕೆಲಸ. ತಾನು ಸ್ಕೇಟ್ ಬಿಟ್ಟಳು, ಅವನು ನೋಡಿ ಕಲಿಯಲಿ ಎಂದು. ಊರಿನಲ್ಲಿ ಅವಳ ಹಾಗೆ ಸ್ಕೇಟ್ ಮಾಡುವ ಹೆಂಗಸು ಇರಲಿಲ್ಲ, ಅವನು ಕಲಿಯಲಿಲ್ಲ. ಇನ್ನೊಂದು, ಅಪ್ಪ ಕೂರುತ್ತಿದ್ದ ಸೇತುವೆ ಗುಡಿಸಲಿನ ಗೋಡೆಗೆ ಒಂದು ಪೆಟ್ಟಿಗೆ ಹಾಕಿಸಿದಳು, ನಿಂತ ಹೃದಯಕ್ಕೆ ಹೊರಗಿನಿಂದ ವಿದ್ಯುತ್ ಕೊಡುವ ಯಂತ್ರದ್ದು. ಹಸಿರು ಬಣ್ಣದ ಅದಕ್ಕೆ ಊರವರು ಇಟ್ಟ ಹೆಸರು ರೆನ್ಸ್ಕೆಯ ಹಕ್ಕಿಗೂಡು. ಬ್ಯಾಟರಿ ನೋಡಲು ಅವಳು ಬಂದಾಗಲೆಲ್ಲ, ಮೊಟ್ಟೆ ಇಟ್ಟಿದೆಯಾ ಎಂದು ಕೇಳುತ್ತಿದ್ದರು. ವೊಬ್ಬೆಯೇ ಅದಕ್ಕೆ ಜೊಂಡಿನ ಪುಟ್ಟ ಮಾಡು ಹೊದಿಸಿಕೊಟ್ಟ.

ಇನ್ನು ಒಂದು ರೇಖೆಯ ಮಾತು. ಊರವರು ಯಂತ್ರ ಅವಳನ್ನು ಕೈಬಿಟ್ಟಿತು ಎನ್ನುವುದು ಇದನ್ನೇ, ಅರ್ಧ ಕೇಳಿ.

ದೋಷವಿದ್ದವರಿಗೆಲ್ಲ ಎದೆಯಲ್ಲಿ ಯಂತ್ರ ಇಡುವುದಿಲ್ಲ. ಕೆಲವರ ಹೃದಯ ಮುದುಕರಾಗುವ ತನಕ ಸುಮ್ಮನಿರುತ್ತದೆ. ಯಂತ್ರವೂ ನಿರಪಾಯವಲ್ಲ. ಹಾಲು ಕರೆಯುತ್ತ ಕೂತಿದ್ದ ರೈತನೊಬ್ಬನನ್ನು ಅದು ಸುಳ್ಳೇ ಮತ್ತೆ ಮತ್ತೆ ಒದ್ದು, ಅವನು ಆಮೇಲೆ ಕೊಟ್ಟಿಗೆಯೊಳಗೆ ಕಾಲಿಡಲು ನಡುಗುತ್ತಿದ್ದನಂತೆ. ಅವನು ತನ್ನ ಮುಂದೆ ಕೂತು ಅತ್ತದ್ದನ್ನು ರೆನ್ಸ್ಕೆ ಮರೆಯಲಿಲ್ಲ. ಯಾರಿಗೆ ಇಡಬೇಕು, ಯಾರಿಗೆ ಬೇಡ ಎಂದು ಅಳೆಯುವ ಲೆಕ್ಕ ಬೇಕಿತ್ತು. ಅವಳ ತಂಡ ವೈದ್ಯರ ಜೊತೆ ಕೂತು ವರ್ಷಗಟ್ಟಲೆ ಅದನ್ನು ಕಟ್ಟಿತು. ಕೊನೆಗೆ ಒಂದು ರೇಖೆ. ಅಪಾಯದ ಅಂಕ ಅದಕ್ಕಿಂತ ಮೇಲಿದ್ದರೆ ಯಂತ್ರ, ಕೆಳಗಿದ್ದರೆ ಕಾಯುವುದು. ರೇಖೆ ಎಲ್ಲಿ ಇರಬೇಕೆಂದು ಕೊನೆಯ ಮಾತು ಹೇಳಿದವರಲ್ಲಿ ಅವಳೂ ಒಬ್ಬಳು. ಎಷ್ಟೋ ಜನ ಅದರಿಂದ ಬದುಕಿದ್ದಾರೆ, ಇದನ್ನು ನಾನು ಡಾಕ್ಟರಾಗಿ ಹೇಳುತ್ತೇನೆ.

ಅವಳ ಅಂಕ ರೇಖೆಯ ಕೆಳಗೆ ಬಿತ್ತು. ಬಹಳ ಕೆಳಗಲ್ಲ.

ಅವಳನ್ನು ನೋಡುತ್ತಿದ್ದ ಹೃದಯದ ಡಾಕ್ಟರು, ಲೆಕ್ಕ ಏನೇ ಹೇಳಲಿ, ನಿಮ್ಮ ತಂದೆ, ಅತ್ತೆ, ಅಜ್ಜ ಎಲ್ಲ ಹೋದದ್ದನ್ನು ನೋಡಿದರೆ ನಾನು ಇಟ್ಟುಬಿಡುತ್ತೇನೆ ಅಂದರಂತೆ. ಇವಳು ಒಪ್ಪಲಿಲ್ಲ. ಆ ಶುಕ್ರವಾರ ಕಾಯುವ ಕೋಣೆಯಲ್ಲಿ ಅದನ್ನು ಒಂದು ಸಣ್ಣ ವಿಷಯದಂತೆ ನನಗೆ ಹೇಳಿದಳು. ನನಗೆ ಸಿಟ್ಟು ಬಂತು. ಇಟ್ಟುಕೋ ಅಂದೆ. ಡಾಕ್ಟರಾಗಿ ಹೇಳ್ತಿದೀನಿ ಅಂದೆ.

"ಡಾಕ್ಟರಾಗಿ ಹೇಳ್ತಿಲ್ಲ ನೀನು, ಸ್ನೇಹಿತೆಯಾಗಿ ಹೇಳ್ತಿದೀಯ," ಅಂದಳು. "ಅದಕ್ಕೇ ಕಣೇ ರೇಖೆ ಬೇಕಿರೋದು. ನನ್ನ ಹಾಗೇ ಅದೇ ಅಂಕ ಇರೋ ಹೆಂಗಸಿಗೆ ನಿಲ್ಲು, ಕಾಯಿ ಅಂತ ನಾನೇ ಹೇಳಿದೀನಿ. ರೇಖೆ ಎಳೆದೋಳು ಅಂತ ನಾನು ದಾಟಕ್ಕಾಗುತ್ತಾ?"

"ಸತ್ತೋದ್ರೆ?"

"ಸತ್ತೋದ್ರೆ ರೇಖೆ ಸ್ವಲ್ಪ ಕೆಳಗೆ ಬರತ್ತೆ. ಮುಂದಿನೋರಿಗೆ ಒಳ್ಳೇದಾಯ್ತು." ನಕ್ಕಳು. ಅಪ್ಪ ಪಿಂಚಣಿಯ ಮಾತಿಗೆ ನಗುತ್ತಿದ್ದ ಹಾಗೆಯೇ.

ಅವಳು ವೈದ್ಯಳಾಗಿದ್ದರೆ ಬೇರೆಯವರಿಗಾಗಿ ಆ ರೇಖೆಯನ್ನು ಎಷ್ಟೋ ಸಲ ದಾಟಿರುತ್ತಿದ್ದಳು, ಎದುರಿಗೆ ಕೂತವರ ಮುಖ ನೋಡಿ. ನಾವೆಲ್ಲ ದಾಟುತ್ತೇವೆ. ತನಗಾಗಿ ದಾಟುತ್ತಿದ್ದಳೇ? ನನಗೆ ಅನುಮಾನ. ಸಾಲಿನಲ್ಲಿ ಅವಳ ಮುಂದೆ ಯಾರಾದರೂ ನುಗ್ಗಿದರೂ ತಾನೇ ಕ್ಷಮೆ ಕೇಳುವವಳು.

ಈ ಸಲ ಚಳಿಗಾಲ ಬರಲೇ ಇಲ್ಲ ಎಂದುಕೊಂಡಿದ್ದೆವು. ಫೆಬ್ರವರಿಯ ಕೊನೆಗೆ ಮೂಡಲ ಗಾಳಿ ಎದ್ದಿತು. ಹಗಲೂ ರಾತ್ರಿ ಬೀಸಿತು. ಬಾತುಕೋಳಿಗಳು ಕಾಲುವೆಯ ಒಂದು ಮೂಲೆಯಲ್ಲಿ ಗುಂಪಾಗಿ, ನೀರು ಮುಚ್ಚದಂತೆ ಸುತ್ತುತ್ತಲೇ ಇದ್ದವು. ಶುಕ್ರವಾರದ ಹೊತ್ತಿಗೆ ಅವೂ ಸೋತವು. ಶನಿವಾರ ಬೆಳಿಗ್ಗೆ ಊರೆಲ್ಲ ಗಡ್ಡೆಯ ಮೇಲಿತ್ತು. ಮಾರ್ಚಿನ ಬಿಸಿಲು ಜೋರು. ಗಡ್ಡೆ ಕಪ್ಪಾಗಿರಲಿಲ್ಲ, ಹೊಗೆ ಹಿಡಿದ ಗಾಜಿನ ಬಣ್ಣ. ಹಾಡುತ್ತಲೂ ಇರಲಿಲ್ಲ. ಸೇತುವೆಯ ಕೆಳಗೆ ಆಗಲೇ ನೀರು ಕಾಣಿಸಿ ಹಲಗೆ ಹಾಸಿದ್ದರು. ಇವತ್ತೇ ಕೊನೆ, ಇವತ್ತೇ ಕೊನೆ ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡು ಸ್ಕೇಟ್ ಕಟ್ಟುತ್ತಿದ್ದರು.

ರೆನ್ಸ್ಕೆ ಮತ್ತು ಸೀಟ್ಸ್ಕೆ ಗುಡಿಸಲಿನ ಮುಂದೆ ಮೇಜು ಹಾಕಿ ಬಟಾಣಿ ಗಂಜಿ ಬಡಿಸುತ್ತಿದ್ದರು. ನಾನು ವೊಬ್ಬೆಯ ಗುಂಪಿನ ಜೊತೆ ಗಿರಣಿಯ ಕಡೆ ಹೊರಟೆ. ಹೊರಡುವಾಗ ಅವನು ಅಕ್ಕನ ಮುಂದೆ ಒಂದು ಸುತ್ತು ತಿರುಗಿ, ಬಾರೇ, ಹಕ್ಕಿಗೂಡು ಕಾಯೋದು ಬಿಟ್ಟು ಒಂದು ಸುತ್ತು ಬಾ ಎಂದು ಕೆಣಕಿದ. ಅವಳು ಸೌಟು ತೋರಿಸಿದಳು.

ಗಿರಣಿಯ ತಿರುವಿನಲ್ಲಿ ವೊಬ್ಬೆ ಎಲ್ಲರಿಗಿಂತ ಮುಂದಿದ್ದ, ಗಾಳಿಗೆ ಎದೆ ಕೊಟ್ಟು. ಮಂಡಿಯೂರಿದ. ಮಲಗಿದ. ನಾನು ಇದನ್ನು ಒಂದು ಸಲ ನೋಡಿದ್ದೆ.

ತಲುಪಿದವಳೇ ಎದೆ ಒತ್ತಲು ಶುರುಮಾಡಿದೆ. ಒಬ್ಬರು ಆಂಬ್ಯುಲೆನ್ಸಿಗೆ, ಇನ್ನೊಬ್ಬರು ಸೇತುವೆಗೆ ಫೋನು ಮಾಡಿದರು. ಗಿರಣಿಗೆ ರಸ್ತೆಯಿಲ್ಲ, ಗದ್ದೆಗಳ ನಡುವಿನ ಕಾಲುದಾರಿ, ಮಧ್ಯೆ ಮಧ್ಯೆ ಬೇಲಿಯ ಗೇಟುಗಳು. ಬೇಗ ಬರಬೇಕೆಂದರೆ ಕಾಲುವೆಯ ಮೇಲೇ ಬರಬೇಕು. ಸೇತುವೆಯಲ್ಲಿ ಆ ಹೊತ್ತಿಗೆ ಉಳಿದಿದ್ದವರು ಮುದುಕರು, ಕುರ್ಚಿ ತಳ್ಳಿಕೊಂಡು ಸ್ಕೇಟ್ ಕಲಿಯುವ ಮಕ್ಕಳು. ಮುಂದಿನದನ್ನು ಸೀಟ್ಸ್ಕೆ ನನಗೆ ಹೇಳಿದ್ದು ಮಣ್ಣು ಮಾಡಿದ ಮಾರನೆಯ ದಿನ, ಒಮ್ಮೆ ಮಾತ್ರ. ರೆನ್ಸ್ಕೆ ಫೋನು ಕೆಳಗಿಟ್ಟು, ಬೆಂಚಿನ ಮೇಲೆ ಯಾರೋ ಬಿಚ್ಚಿಟ್ಟಿದ್ದ ಸ್ಕೇಟ್ ಎಳೆದುಕೊಂಡು ಕಟ್ಟತೊಡಗಿದಳಂತೆ.

"ನೀನು ಬೇಡ," ಅಂದಳಂತೆ ತಾಯಿ.

"ಇಲ್ಲಿ ಇನ್ಯಾರಿದಾರೆ, ಅಮ್ಮ?"

ಸೀಟ್ಸ್ಕೆ ಸುತ್ತ ನೋಡಿದಳು. ಆಮೇಲೆ ಜೊಂಡಿನ ಮಾಡಿನ ಕೆಳಗಿನಿಂದ ಪೆಟ್ಟಿಗೆ ತೆಗೆದು, ಅದರ ಪಟ್ಟಿಯನ್ನು ತಾನೇ ಮಗಳ ಬೆನ್ನಿಗೆ ಬಿಗಿದು, ತನ್ನ ಕೈಗವಸು ಬಿಚ್ಚಿ ಅವಳಿಗೆ ಹಾಕಿದಳು.

ನಾನು ಒತ್ತುತ್ತ ತಲೆಯೆತ್ತಿದಾಗ ಬಿಳಿ ಬಯಲಿನಲ್ಲಿ ಒಂದು ಕಪ್ಪು ಚುಕ್ಕೆ ಬರುತ್ತಿತ್ತು. ಗಾಳಿ ಅವಳ ಎದುರಿಗಿತ್ತು. ಬೆನ್ನು ಬಗ್ಗಿಸಿ, ಒಂದು ಕೈ ಬೆನ್ನ ಮೇಲೆ, ಇನ್ನೊಂದು ಬೀಸುತ್ತ, ಹದಿನಾರರಲ್ಲಿ ಹೇಗೆ ಬರುತ್ತಿದ್ದಳೋ ಹಾಗೆ. ಹಳೆಯ ಉದ್ದ ಹೆಜ್ಜೆ. ಬಿರುಕು ಬಿಟ್ಟ ಕಡೆ ನಿಧಾನಿಸಲಿಲ್ಲ. ನನ್ನ ಪಕ್ಕ ಮಂಡಿಯೂರಿದಾಗ ನೋಡಿದೆ. ಅಲ್ಲಿದ್ದ ಎಲ್ಲರ ಮುಖವೂ ಗಾಳಿಗೆ ಕೆಂಪಾಗಿತ್ತು. ಅವಳದು ಸುಣ್ಣದ ಹಾಗಿತ್ತು. ಕೂತ್ಕೋ ಅಂದೆ. ಅವಳು ಅವನ ಅಂಗಿ ಕತ್ತರಿಸುತ್ತಿದ್ದಳು.

ಪೆಟ್ಟಿಗೆ ತನ್ನ ಸಮನಾದ ಹೆಣ್ಣು ದನಿಯಲ್ಲಿ, ರೋಗಿಯನ್ನು ಮುಟ್ಟಬೇಡಿ ಅಂದಿತು. ನಾವು ಕೈ ತೆಗೆದೆವು. ವೊಬ್ಬೆಯ ಮೈ ಒಮ್ಮೆ ಎಗರಿ ಬಿತ್ತು. ಗಿರಣಿಯ ರೆಕ್ಕೆಗಳಲ್ಲಿ ಗಾಳಿ ಬಿಟ್ಟರೆ ಶಬ್ದವಿರಲಿಲ್ಲ. ಒತ್ತುವುದನ್ನು ಮುಂದುವರಿಸಿ ಎಂದು ಪೆಟ್ಟಿಗೆ ಹೇಳಿತು. ನಾನು ಒತ್ತಿದೆ. ಸ್ವಲ್ಪ ಹೊತ್ತಿಗೆ ಅವನ ಗಂಟಲಿನಿಂದ ಮರ ಸೀಳಿದಂಥ ಒಂದು ಸದ್ದು ಬಂತು, ನನ್ನ ಕೈಯ ಕೆಳಗೆ ಎದೆ ತಾನಾಗಿ ಎದ್ದಿತು.

ರೆನ್ಸ್ಕೆ ಪೆಟ್ಟಿಗೆಯ ಕಡೆ ನೋಡಲಿಲ್ಲ. ತಾಯಿಯ ಕೈಗವಸನ್ನು ಹಲ್ಲಿನಿಂದ ಎಳೆದು ಬಿಚ್ಚಿ, ತಮ್ಮನ ದವಡೆಯ ಕೆಳಗೆ ಎರಡು ಬೆರಳಿಟ್ಟಳು.

"ಇದೆ," ಅಂದಳು.

ಕೈ ತೆಗಿ, ಅವನನ್ನು ನಾನು ನೋಡ್ಕೋತೀನಿ, ನೀನು ಮಲಗು ಅಂದೆ.

"ಇನ್ನೊಂದು ಸ್ವಲ್ಪ ಹೊತ್ತು," ಅಂದಳು ರೆನ್ಸ್ಕೆ. ಬೆರಳು ಅಲ್ಲೇ ಇಟ್ಟುಕೊಂಡು ಅವನ ಪಕ್ಕ ತಲೆ ತಗ್ಗಿಸಿ ಕೂತಳು.